ಏರ್‌ಪೋರ್ಟ್‌ನಿಂದ ಹೋಟೆಲ್‌ಗೆ: ರೈಲೋ, ಬಸ್ಸೋ, ಟ್ಯಾಕ್ಸಿಯೋ?

"ಏರ್‌ಪೋರ್ಟ್‌ನಿಂದ ಹೋಟೆಲ್‌ಗೆ ಯಾವುದರಲ್ಲಿ ಹೋದರೆ ಒಳ್ಳೆಯದು?" ಪ್ರಯಾಣದ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಊರಿನ ಹೆಸರು ಮಾತ್ರ ಬೇರೆ ಬೇರೆ. ಕೇಳುವವರಿಗೆ ಒಂದೇ ಪದದ ಉತ್ತರ ಬೇಕು: ಮೆಟ್ರೋ, ಇಲ್ಲವೇ ಟ್ಯಾಕ್ಸಿ. ಆದರೆ ಹೋಟೆಲ್ ಯಾವ ಬೀದಿಯಲ್ಲಿದೆ, ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆ, ಜೊತೆಗೆ ಎಷ್ಟು ಜನ, ಎಷ್ಟು ಪೆಟ್ಟಿಗೆ ಅನ್ನುವುದು ಗೊತ್ತಿಲ್ಲದೆ ಹೇಳಿದ ಉತ್ತರ ಬರೀ ಊಹೆ.

ಹಾಗಾಗಿ ಉತ್ತರದ ಬದಲು ಉತ್ತರ ಹುಡುಕುವ ದಾರಿ ಹೇಳುತ್ತೇನೆ. ಲೆಕ್ಕವನ್ನು ಹೋಟೆಲ್ ಬಾಗಿಲಿನಿಂದ ಹಿಂದಕ್ಕೆ ಶುರು ಮಾಡಿ. ಏರ್‌ಪೋರ್ಟ್‌ನಿಂದ ಯಾವುದು ಬೇಗ ಹೊರಡುತ್ತದೆ, ಯಾವುದು ಜೋರಾಗಿ ಓಡುತ್ತದೆ ಎಂದು ಎಲ್ಲರೂ ನೋಡುತ್ತಾರೆ. ಕಷ್ಟ ಎದುರಾಗುವುದು ಮಾತ್ರ ಕೊನೆಯ ಒಂದು ಕಿಲೋಮೀಟರಿನಲ್ಲಿ. ಈ ಲೆಕ್ಕವನ್ನು ಹೊರಡುವ ಮೊದಲೇ ಮನೆಯಲ್ಲಿ ಕೂತು ಮಾಡಿ. ನಿದ್ದೆಗೆಟ್ಟು ವಿಮಾನ ಇಳಿದ ಮೇಲೆ ತಲೆ ಓಡುವುದಿಲ್ಲ.

1. ಇಳಿಯುವುದು ಯಾವ ಏರ್‌ಪೋರ್ಟ್, ಯಾವ ಟರ್ಮಿನಲ್?

ಸುಮ್ನೆ ಕೇಳುತ್ತಿಲ್ಲ. ದೊಡ್ಡ ನಗರಗಳಿಗೆ ಒಂದಕ್ಕಿಂತ ಜಾಸ್ತಿ ಏರ್‌ಪೋರ್ಟ್‌ಗಳಿರುತ್ತವೆ. ಟೋಕಿಯೋಗೆ ಹನೇಡ ಇದೆ, ನರಿಟ ಇದೆ. ಹನೇಡ ನಗರದ ನಡುಭಾಗದಿಂದ ಸುಮಾರು 15 ಕಿ.ಮೀ. ದೂರ. ನರಿಟ 60 ಕಿ.ಮೀ.ಗೂ ಆಚೆ. ಒಂದರಿಂದ ಟ್ಯಾಕ್ಸಿ ಹಿಡಿದರೆ ಪರವಾಗಿಲ್ಲ, ಇನ್ನೊಂದರಿಂದ ಹಿಡಿದರೆ ಜೇಬು ಖಾಲಿ. ಇಸ್ತಾಂಬುಲ್‌ನಲ್ಲಿ ದೊಡ್ಡ ಏರ್‌ಪೋರ್ಟ್ ಯುರೋಪಿನ ದಡದಲ್ಲಿದೆ, ಸಬಿಹಾ ಗೋಕ್ಚೆನ್ ಏಷ್ಯಾದ ದಡದಲ್ಲಿದೆ. ಒಂದಕ್ಕೆ ಓದಿಕೊಂಡ ಸಲಹೆ ಇನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಕಡಿಮೆ ದರದ ವಿಮಾನ ಕಂಪನಿಯ ಟಿಕೆಟ್ ಕೊಂಡಿದ್ದರೆ ಇನ್ನೂ ಹುಷಾರಾಗಿರಿ. ಪ್ಯಾರಿಸ್ ಬೊವೆ ಎಂಬ ಏರ್‌ಪೋರ್ಟ್ ಪ್ಯಾರಿಸ್‌ನಿಂದ ಸುಮಾರು 85 ಕಿ.ಮೀ. ದೂರ. ಫ್ರಾಂಕ್‌ಫರ್ಟ್ ಹಾನ್ ಇರುವುದು ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿ.ಮೀ. ಆಚೆ. ಟಿಕೆಟ್‌ನಲ್ಲಿ ಉಳಿದ ದುಡ್ಡು ಬಸ್ಸಿಗೆ ಹೋಗುತ್ತದೆ, ಜೊತೆಗೆ ಅರ್ಧ ದಿನವೂ ಹೋಗುತ್ತದೆ.

ಟಿಕೆಟ್ ಮೇಲೆ ಮೂರು ಅಕ್ಷರದ ಕೋಡ್ ಇರುತ್ತದೆ. ಅದು ಏರ್‌ಪೋರ್ಟ್‌ನ ಗುರುತು. ನರಿಟಕ್ಕೆ ಎನ್‌ಆರ್‌ಟಿ, ಹನೇಡಕ್ಕೆ ಎಚ್‌ಎನ್‌ಡಿ. ನಗರದ ಹೆಸರಿನ ಬದಲು ಈ ಕೋಡ್ ಹಾಕಿ ಹುಡುಕಿ, ಗೊಂದಲ ಕಡಿಮೆಯಾಗುತ್ತದೆ.

ಆಮೇಲೆ ಟರ್ಮಿನಲ್, ಅಂದರೆ ಏರ್‌ಪೋರ್ಟ್‌ನೊಳಗೆ ನಿಮ್ಮ ವಿಮಾನ ಬಂದು ನಿಲ್ಲುವ ಕಟ್ಟಡ. ಒಂದೇ ಏರ್‌ಪೋರ್ಟ್‌ನ ಟರ್ಮಿನಲ್‌ಗಳ ನಡುವೆ ಕಿಲೋಮೀಟರ್‌ಗಟ್ಟಲೆ ದೂರ ಇರಬಹುದು. ದೆಹಲಿಯಲ್ಲಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೋ ನಿಲ್ಲುವುದು ಟರ್ಮಿನಲ್ 3ರಲ್ಲಿ. ಟರ್ಮಿನಲ್ 1ಕ್ಕೆ ಇರುವುದು ಮೆಜೆಂಟಾ ಲೈನ್, ಅದು ಬೇರೆಯೇ ದಾರಿ. ದುಬೈ ಮೆಟ್ರೋ ಟರ್ಮಿನಲ್ 1 ಮತ್ತು 3ಕ್ಕೆ ಬರುತ್ತದೆ, 2ಕ್ಕೆ ಬರುವುದಿಲ್ಲ. "ಅಲ್ಲಿ ಮೆಟ್ರೋ ಇದೆ" ಎಂದು ಯಾರಾದರೂ ಹೇಳಿದರೆ ಯಾವ ಟರ್ಮಿನಲ್‌ಗೆ ಎಂದು ಕೇಳಿ.

2. ಹೋಟೆಲ್ ನಿಜವಾಗಿ ಎಲ್ಲಿದೆ?

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಹೋಟೆಲ್ ಹೆಸರನ್ನು ನಂಬಬೇಡಿ, ವಿಳಾಸ ನಂಬಿ. ಹೆಸರಿನಲ್ಲಿ "ಸೆಂಟ್ರಲ್" ಇದ್ದ ಮಾತ್ರಕ್ಕೆ ಅದು ನಗರದ ಮಧ್ಯದಲ್ಲಿ ಇರಬೇಕೆಂದಿಲ್ಲ. "ಏರ್‌ಪೋರ್ಟ್" ಎಂದು ಇದ್ದರೂ ನಡೆದು ಹೋಗುವಷ್ಟು ಹತ್ತಿರ ಇರಬೇಕೆಂದಿಲ್ಲ. ಒಂದೇ ಕಂಪನಿಯ ಹೋಟೆಲ್‌ಗಳು ಒಂದೇ ಊರಿನಲ್ಲಿ ನಾಲ್ಕೈದು ಇರುತ್ತವೆ. ಕಂಪನಿ ಹೆಸರು ಮಾತ್ರ ಹೇಳಿದರೆ ಡ್ರೈವರ್ ತನಗೆ ಗೊತ್ತಿರುವ ಕಡೆಗೆ ಕರೆದುಕೊಂಡು ಹೋಗುತ್ತಾನೆ. ಅವನದೇನೂ ತಪ್ಪಿಲ್ಲ.

ಮ್ಯಾಪ್‌ನಲ್ಲಿ ಹೋಟೆಲ್ ಹುಡುಕಿ ಇಷ್ಟು ಬರೆದಿಟ್ಟುಕೊಳ್ಳಿ: ಪೂರ್ತಿ ವಿಳಾಸ, ಫೋನ್ ನಂಬರ್, ಹತ್ತಿರದ ರೈಲು ಅಥವಾ ಮೆಟ್ರೋ ನಿಲ್ದಾಣ, ಆ ನಿಲ್ದಾಣದ ಯಾವ ನಂಬರಿನ ದ್ವಾರದಿಂದ ಹೊರಬರಬೇಕು ಅನ್ನುವುದು. ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಟೋಕಿಯೋದ ಶಿಂಜುಕು ನಿಲ್ದಾಣಕ್ಕೆ 200ಕ್ಕೂ ಹೆಚ್ಚು ದ್ವಾರಗಳಿವೆ. ಅಲ್ಲಿ ತಪ್ಪು ದ್ವಾರದಲ್ಲಿ ಹೊರಬಂದರೆ ಪೆಟ್ಟಿಗೆ ಎಳೆದುಕೊಂಡು ಅರ್ಧ ಗಂಟೆ ಸುತ್ತಬೇಕಾದೀತು.

ದೂರ ನೋಡುವಾಗ ಮ್ಯಾಪ್‌ನಲ್ಲಿ ಕಾಲ್ನಡಿಗೆಯ ದಾರಿಯನ್ನೇ ಹಾಕಿ ನೋಡಿ. ಬುಕಿಂಗ್ ತಾಣಗಳು ತೋರಿಸುವ "ನಿಲ್ದಾಣದಿಂದ 400 ಮೀಟರ್" ಎಷ್ಟೋ ಸಲ ಗೆರೆ ಎಳೆದಂತೆ ನೇರ ದೂರ. ನಡುವೆ ಹೆದ್ದಾರಿಯೋ, ರೈಲು ಹಳಿಯೋ, ಏರು ರಸ್ತೆಯೋ ಇದ್ದರೆ ಲೆಕ್ಕ ತಲೆಕೆಳಗು.

ಆ ದೇಶದಲ್ಲಿ ಬೇರೆ ಲಿಪಿ ಇದ್ದರೆ ವಿಳಾಸವನ್ನು ಅದೇ ಲಿಪಿಯಲ್ಲಿ ಫೋನಿನಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ. ಚೀನಾ, ಜಪಾನ್, ಥಾಯ್ಲೆಂಡ್‌ಗಳಲ್ಲಿ ಟ್ಯಾಕ್ಸಿ ಡ್ರೈವರ್‌ಗೆ ಇಂಗ್ಲಿಷ್ ವಿಳಾಸ ತೋರಿಸಿದರೆ ಅವರು ತಲೆ ಕೆರೆದುಕೊಳ್ಳುವುದೇ ಜಾಸ್ತಿ.

ಈಗ ಲಂಡನ್‌ನ ಹೀಥ್ರೋ ನೋಡಿ. ಅಲ್ಲಿಂದ ನಗರಕ್ಕೆ ಮೂರು ಬಗೆಯ ರೈಲುಗಳಿವೆ. ಹೀಥ್ರೋ ಎಕ್ಸ್‌ಪ್ರೆಸ್ 15 ನಿಮಿಷದಲ್ಲಿ ಪ್ಯಾಡಿಂಗ್ಟನ್‌ಗೆ ಮುಟ್ಟಿಸುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ಪ್ಯಾಡಿಂಗ್ಟನ್ ದಾಟಿ ಟಾಟೆನ್‌ಹ್ಯಾಮ್ ಕೋರ್ಟ್ ರೋಡ್, ಲಿವರ್‌ಪೂಲ್ ಸ್ಟ್ರೀಟ್‌ವರೆಗೂ ನೇರ ಹೋಗುತ್ತದೆ. ಪಿಕಡಿಲ್ಲಿ ಲೈನ್ ಮೂರರಲ್ಲಿ ನಿಧಾನ, ನಗರದ ನಡುಭಾಗಕ್ಕೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಆದರೆ ನಿಮ್ಮ ಹೋಟೆಲ್ ರಸೆಲ್ ಸ್ಕ್ವೇರ್ ಪಕ್ಕ ಇದ್ದರೆ? ಪಿಕಡಿಲ್ಲಿ ಲೈನ್‌ನಲ್ಲಿ ಎಲ್ಲೂ ಬದಲಿಸದೆ ಕೂತಲ್ಲೇ ಕೂತು ಹೋಗಬಹುದು. ಎಕ್ಸ್‌ಪ್ರೆಸ್ ಹಿಡಿದರೆ ಪ್ಯಾಡಿಂಗ್ಟನ್‌ನಲ್ಲಿ ಇಳಿದು, ಪೆಟ್ಟಿಗೆ ಎತ್ತಿಕೊಂಡು ಬೇರೆ ರೈಲಿಗೆ ಓಡಬೇಕು. "ಹೀಥ್ರೋದಿಂದ ಯಾವ ರೈಲು ಒಳ್ಳೆಯದು" ಎಂಬ ಪ್ರಶ್ನೆಗೆ ಹೋಟೆಲ್ ತಿಳಿಯದೆ ಉತ್ತರವಿಲ್ಲ, ಅಲ್ವಾ?

ಹೋಟೆಲ್ ಇನ್ನೂ ಬುಕ್ ಮಾಡಿಲ್ಲವಾದರೆ ನೀವು ಅದೃಷ್ಟವಂತರು. ಏರ್‌ಪೋರ್ಟ್‌ನಿಂದ ನೇರ ಬರುವ ರೈಲು ಅಥವಾ ಬಸ್ಸಿನ ದಾರಿಯಲ್ಲೇ ಹೋಟೆಲ್ ಹುಡುಕಿ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಹೋಗುವಾಗ, ಬರುವಾಗ ಎರಡು ಸಲ ಟ್ಯಾಕ್ಸಿ ಉಳಿಯುತ್ತದೆ.

3. ನೀವು ಹೊರಗೆ ಬರುವುದು ಎಷ್ಟು ಹೊತ್ತಿಗೆ?

ಟಿಕೆಟ್‌ನಲ್ಲಿ ಇರುವುದು ವಿಮಾನ ತಲುಪುವ ಸಮಯ. ಅದರಾಚೆಗೆ ಇಮಿಗ್ರೇಷನ್ ಅಂದರೆ ಪಾಸ್‌ಪೋರ್ಟ್ ತಪಾಸಣೆ, ಲಗೇಜ್, ಕಸ್ಟಮ್ಸ್ ಇವೆ. ಬೇರೆ ದೇಶಕ್ಕೆ ಹೋಗುತ್ತಿದ್ದರೆ ಒಂದರಿಂದ ಎರಡು ಗಂಟೆ ಸೇರಿಸಿಕೊಳ್ಳಿ. ದೇಶದೊಳಗಿನ ಪ್ರಯಾಣಕ್ಕೆ ಅರ್ಧ ಮುಕ್ಕಾಲು ಗಂಟೆ ಸಾಕು.

ರಾತ್ರಿ 10ಕ್ಕೆ ಇಳಿಯುವವರು ಕೊನೆಯ ರೈಲಿನ ಸಮಯ ನೋಡಲೇಬೇಕು. ನ್ಯೂಯಾರ್ಕ್‌ನ ಸಬ್‌ವೇ ರಾತ್ರಿಯಿಡೀ ಓಡುತ್ತದೆ. ಟೋಕಿಯೋದಲ್ಲಿ ಮಧ್ಯರಾತ್ರಿಯ ಸುಮಾರಿಗೆ ರೈಲು ನಿಂತರೆ ಮತ್ತೆ ಶುರುವಾಗುವುದು ಬೆಳಗಿನ ಜಾವ 5ರ ಹೊತ್ತಿಗೆ. ಭಾನುವಾರ, ಹಬ್ಬದ ರಜೆಗಳಲ್ಲಿ ವೇಳಾಪಟ್ಟಿ ಬೇರೆ ಇರುತ್ತದೆ. ಹಳಿ ರಿಪೇರಿಗೆಂದು ವಾರಾಂತ್ಯದಲ್ಲಿ ರೈಲು ನಿಲ್ಲಿಸುವುದೂ ಮಾಮೂಲು. ಹೊರಡುವ ಹಿಂದಿನ ದಿನ ಆಯಾ ಸಾರಿಗೆ ಸಂಸ್ಥೆಯ ತಾಣದಲ್ಲಿ ಒಮ್ಮೆ ನೋಡಿ.

ಇನ್ನೊಂದು ಗುಂಡಿ ಇದೆ, ಬುದ್ಧಿವಂತರೇ ಬೀಳುತ್ತಾರೆ. ವಿಮಾನ ರಾತ್ರಿ 12.30ಕ್ಕೆ ಇಳಿಯುತ್ತದೆ ಅಂದರೆ ತಾರೀಕು ಬದಲಾಗಿರುತ್ತದೆ. ಕಾರನ್ನು ಹಿಂದಿನ ದಿನಕ್ಕೆ ಅಥವಾ ಮುಂದಿನ ರಾತ್ರಿಗೆ ಬುಕ್ ಮಾಡಿಕೊಂಡು ಪರದಾಡುತ್ತಾರೆ. ಹೋಟೆಲ್ ಕೋಣೆಗೂ ಇದೇ ಎಚ್ಚರಿಕೆ. ಅಲ್ಲಿ ಮಾತ್ರ ಹಿಂದಿನ ದಿನದ ರಾತ್ರಿಗೇ ಬುಕ್ ಮಾಡಬೇಕು.

ಬೆಳಿಗ್ಗೆ 8ರಿಂದ 10, ಸಂಜೆ 5ರಿಂದ 8ರ ನಡುವೆ ನಗರ ಮುಟ್ಟುವವರು ರಸ್ತೆಯ ಆಸೆ ಬಿಡುವುದು ಒಳ್ಳೆಯದು. ಆದರೆ ಅದೇ ಹೊತ್ತಿನಲ್ಲಿ ಮೆಟ್ರೋ ಕೂಡ ಕಿಕ್ಕಿರಿದಿರುತ್ತದೆ. ಎರಡು ದೊಡ್ಡ ಪೆಟ್ಟಿಗೆ ಹಿಡಿದು ಒಳಗೆ ಕಾಲಿಡುವುದೇ ಕಷ್ಟ.

4. ಯಾವ್ಯಾವುದು ಸಿಗುತ್ತದೆ, ಯಾರಿಗೆ ಹೊಂದುತ್ತದೆ

ಎಕ್ಸ್‌ಪ್ರೆಸ್ ರೈಲು. ಏರ್‌ಪೋರ್ಟ್‌ನಿಂದ ನಗರದ ಒಂದೇ ನಿಲ್ದಾಣಕ್ಕೆ, ನಡುವೆ ಅಷ್ಟಾಗಿ ನಿಲ್ಲದೆ ಹೋಗುವ ದುಬಾರಿ ರೈಲು. ಹಾಂಗ್‌ಕಾಂಗ್‌ನ ಏರ್‌ಪೋರ್ಟ್ ಎಕ್ಸ್‌ಪ್ರೆಸ್ 24 ನಿಮಿಷದಲ್ಲಿ ನಗರದ ನಡುವಿಗೇ ತಂದು ಬಿಡುತ್ತದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಶಾಂಘೈನ ಮ್ಯಾಗ್ಲೆವ್, ಅಂದರೆ ಹಳಿ ಮುಟ್ಟದೆ ಆಯಸ್ಕಾಂತದ ಬಲದಲ್ಲಿ ತೇಲಿ ಓಡುವ ರೈಲು, 30 ಕಿ.ಮೀ. ದೂರವನ್ನು ಸುಮಾರು 8 ನಿಮಿಷದಲ್ಲಿ ಮುಗಿಸುತ್ತದೆ. ಹತ್ತಿ ನೋಡುವುದೇ ಒಂದು ಮೋಜು. ಆದರೆ ಅದು ಇಳಿಸುವುದು ಲೊಂಗ್‌ಯಾಂಗ್ ರೋಡ್ ನಿಲ್ದಾಣದಲ್ಲಿ. ನಗರದ ಮಧ್ಯಕ್ಕೆ ಅಲ್ಲಿಂದ ಮತ್ತೆ ಮೆಟ್ರೋ ಹಿಡಿಯಬೇಕು.

ಎಕ್ಸ್‌ಪ್ರೆಸ್ ಟಿಕೆಟ್ ಕೊಳ್ಳುವ ಮೊದಲು ಅದೇ ಹಳಿಯ ಮೇಲೆ ಸಾಮಾನ್ಯ ರೈಲು ಇದೆಯಾ ನೋಡಿ. ಓಸ್ಲೋದಲ್ಲಿ ಫ್ಲೂಟೋಗೆ ಎಂಬ ಏರ್‌ಪೋರ್ಟ್ ರೈಲು ಸುಮಾರು 20 ನಿಮಿಷ ತೆಗೆದುಕೊಳ್ಳುತ್ತದೆ. ಅಲ್ಲಿಂದಲೇ ಹೊರಟು ಅದೇ ಮುಖ್ಯ ನಿಲ್ದಾಣಕ್ಕೆ ಹೋಗುವ ಸಾಮಾನ್ಯ ರೈಲಿಗೆ ಮೂರು ನಾಲ್ಕು ನಿಮಿಷ ಜಾಸ್ತಿ ಬೇಕು, ಅಷ್ಟೇ. ದರ ಮಾತ್ರ ಬಹಳ ಕಡಿಮೆ. ಏರ್‌ಪೋರ್ಟ್‌ನೊಳಗೆ ಕಣ್ಣು ಕುಕ್ಕುವ ಬೋರ್ಡ್ ಇರುವುದು ಮಾತ್ರ ದುಬಾರಿ ರೈಲಿಗೆ.

ಮೆಟ್ರೋ, ಸಾಮಾನ್ಯ ರೈಲು. ಒಬ್ಬರೇ ಅಥವಾ ಇಬ್ಬರು, ಒಂದೊಂದೇ ಪೆಟ್ಟಿಗೆ, ಹಗಲು ಹೊತ್ತು, ಹೋಟೆಲ್ ನಿಲ್ದಾಣದ ಪಕ್ಕ: ಹೀಗಿದ್ದರೆ ಕಣ್ಣು ಮುಚ್ಚಿಕೊಂಡು ಇದನ್ನೇ ಆರಿಸಿ. ಟ್ರಾಫಿಕ್ ಇಲ್ಲ, ಚೌಕಾಸಿ ಇಲ್ಲ. ಒಂದು ಬದಲಾವಣೆಯವರೆಗೆ ಪರವಾಗಿಲ್ಲ. ಎರಡು ಸಲ ರೈಲು ಬದಲಿಸಬೇಕು ಅಂದರೆ ನಾನು ಬೇರೆ ದಾರಿ ನೋಡುತ್ತೇನೆ. ಹಳೆಯ ಮೆಟ್ರೋಗಳಲ್ಲಿ ಲಿಫ್ಟ್ ಇಲ್ಲದ ನಿಲ್ದಾಣಗಳು ಬೇಕಾದಷ್ಟಿವೆ. ಮೊಣಕಾಲು ನೋವಿರುವವರು, ಮಗುವಿನ ಗಾಡಿ ತಳ್ಳುವವರು ಮ್ಯಾಪ್‌ನಲ್ಲಿ ಮೆಟ್ಟಿಲಿಲ್ಲದ ದಾರಿ ಸಿಗುತ್ತದಾ ಎಂದು ನೋಡಿಕೊಳ್ಳಬೇಕು.

ಏರ್‌ಪೋರ್ಟ್ ಬಸ್. ಇದನ್ನು ಜನ ಸುಮ್ನೆ ಕಡೆಗಣಿಸುತ್ತಾರೆ. ಪೆಟ್ಟಿಗೆ ಬಸ್ಸಿನ ಹೊಟ್ಟೆಯೊಳಗೆ ಹೋಗುತ್ತದೆ, ಸೀಟು ಸಿಗುತ್ತದೆ, ಮೆಟ್ಟಿಲು ಹತ್ತಿಳಿಯುವ ಗೋಳಿಲ್ಲ. ಟೋಕಿಯೋದ ಲಿಮೋಸಿನ್ ಬಸ್ಸುಗಳು ಹಲವು ದೊಡ್ಡ ಹೋಟೆಲ್‌ಗಳ ಬಾಗಿಲಲ್ಲೇ ನಿಲ್ಲುತ್ತವೆ. ಹೆಸರು ಲಿಮೋಸಿನ್ ಅಂತಿದ್ದರೂ ಅದು ಸಾಧಾರಣ ಬಸ್ಸೇ, ಹೆದರಬೇಡಿ. ನಿಮ್ಮ ಹೋಟೆಲ್ ಮುಂದೆ ಅಥವಾ ಪಕ್ಕದ ಬೀದಿಯಲ್ಲಿ ನಿಲ್ಲುವ ಬಸ್ ಇದ್ದರೆ ರೈಲಿಗಿಂತ ಅರ್ಧ ಗಂಟೆ ತಡವಾದರೂ ನಾನು ಅದಕ್ಕೇ ಮತ ಹಾಕುತ್ತೇನೆ. ಇದರ ದೌರ್ಬಲ್ಯ ಟ್ರಾಫಿಕ್. ಜೊತೆಗೆ ಎರಡು ಬಸ್ಸಿನ ನಡುವೆ ಎಷ್ಟು ಹೊತ್ತು ಕಾಯಬೇಕು ಎಂದು ಮೊದಲೇ ನೋಡಿ.

ಟ್ಯಾಕ್ಸಿ. ಮೂರು ಬಗೆ ಇದೆ. ಮೀಟರ್ ಹಾಕುವುದು ಒಂದು. ಕೌಂಟರ್‌ನಲ್ಲಿ ಮೊದಲೇ ದುಡ್ಡು ಕಟ್ಟಿ ಚೀಟಿ ಪಡೆಯುವ ಪ್ರಿಪೇಯ್ಡ್ ಇನ್ನೊಂದು. ಇಡೀ ಪ್ರಯಾಣಕ್ಕೆ ಸರ್ಕಾರವೇ ಗೊತ್ತು ಮಾಡಿದ ಒಂದೇ ದರ ಮೂರನೆಯದು. ನ್ಯೂಯಾರ್ಕ್‌ನ ಜೆಎಫ್‌ಕೆಯಿಂದ ಮ್ಯಾನ್‌ಹ್ಯಾಟನ್‌ಗೆ ಹೀಗೆ ಒಂದೇ ದರ. ಪ್ಯಾರಿಸ್‌ನ ಶಾರ್ಲ್ ದ ಗಾಲ್‌ನಿಂದ ನಗರಕ್ಕೂ ಹಾಗೆಯೇ, ಆದರೆ ಸೀನ್ ನದಿಯ ಬಲದಂಡೆಗೆ ಒಂದು, ಎಡದಂಡೆಗೆ ಇನ್ನೊಂದು. ನಿಮ್ಮ ಹೋಟೆಲ್ ಯಾವ ದಂಡೆಯಲ್ಲಿದೆ ಎಂದು ತಿಳಿದಿದ್ದರೆ ಡ್ರೈವರ್ ಹೇಳುವ ದರ ಸರಿಯೋ ತಪ್ಪೋ ಗೊತ್ತಾಗುತ್ತದೆ. ಮೀಟರ್ ಇರುವ ಕಡೆ ಟೋಲ್, ಏರ್‌ಪೋರ್ಟ್ ಶುಲ್ಕ, ರಾತ್ರಿ ದರ ಮೇಲೆ ಸೇರುತ್ತವೆ. ಬ್ಯಾಂಕಾಕ್‌ನ ಸುವರ್ಣಭೂಮಿಯಲ್ಲಿ ಯಂತ್ರದಿಂದ ಚೀಟಿ ತೆಗೆದುಕೊಂಡು ಅದರಲ್ಲಿರುವ ನಂಬರಿನ ಜಾಗದಲ್ಲಿ ನಿಂತ ಟ್ಯಾಕ್ಸಿ ಹತ್ತಬೇಕು. ಆ ಚೀಟಿಯನ್ನು ಡ್ರೈವರ್ ಕೈಗೆ ಕೊಟ್ಟುಬಿಡಬೇಡಿ. ದೂರು ಕೊಡಬೇಕಾದರೆ ಅದೇ ಸಾಕ್ಷಿ.

ಆ್ಯಪ್ ಕ್ಯಾಬ್. ಉಬರ್ ಎಲ್ಲ ಕಡೆ ಇಲ್ಲ. ಆಗ್ನೇಯ ಏಷ್ಯಾದಲ್ಲಿ ಗ್ರ್ಯಾಬ್, ಚೀನಾದಲ್ಲಿ ಡಿಡಿ ಚಾಲ್ತಿಯಲ್ಲಿವೆ. ದರ ಮೊದಲೇ ಕಾಣುತ್ತದೆ, ಭಾಷೆಯ ತೊಂದರೆ ಕಡಿಮೆ. ಆದರೆ ನಾಲ್ಕೈದು ದೊಡ್ಡ ವಿಮಾನಗಳು ಒಟ್ಟಿಗೆ ಇಳಿದಾಗ ಸರ್ಜ್ ಏರುತ್ತದೆ. ಬೇಡಿಕೆ ಜಾಸ್ತಿಯಾದಾಗ ಆ್ಯಪ್ ತಾನಾಗಿ ದರ ಹೆಚ್ಚಿಸುವುದಕ್ಕೆ ಸರ್ಜ್ ಅನ್ನುತ್ತಾರೆ. ಇಂಥ ಕ್ಯಾಬ್‌ಗಳು ಬಾಗಿಲ ಮುಂದೆ ನಿಲ್ಲುವಂತಿಲ್ಲದ ಏರ್‌ಪೋರ್ಟ್‌ಗಳೂ ಇವೆ. ಲಾಸ್ ಏಂಜಲೀಸ್ 2019ರಲ್ಲಿ ಇವುಗಳಿಗಾಗಿ ಟರ್ಮಿನಲ್ ಹೊರಗೆ ಬೇರೆ ಅಂಗಳವನ್ನೇ ಮಾಡಿತು. ಹಾಗಾಗಿ ಪಿಕಪ್ ಜಾಗಕ್ಕೆ ನಡೆದು ತಲುಪಿದ ಮೇಲೆ ಬುಕ್ ಮಾಡಿ. ಲಗೇಜ್ ಬೆಲ್ಟ್ ಮುಂದೆ ನಿಂತೇ ಬುಕ್ ಮಾಡಿದರೆ ಕಾದ ಹೊತ್ತಿನ ದಂಡ ನಿಮ್ಮ ತಲೆ ಮೇಲೆ.

ಮೊದಲೇ ಗೊತ್ತು ಮಾಡಿದ ಕಾರು. ಡ್ರೈವರ್ ನಿಮ್ಮ ಹೆಸರಿನ ಬೋರ್ಡ್ ಹಿಡಿದು ನಿಂತಿರುತ್ತಾನೆ. ದುಬಾರಿ, ಆದರೆ ಮಧ್ಯರಾತ್ರಿ ಇಳಿಯುವವರಿಗೆ, ವಯಸ್ಸಾದವರಿಗೆ, ಚಿಕ್ಕ ಮಕ್ಕಳಿರುವವರಿಗೆ ಇದು ಸರಿ. ಬುಕ್ ಮಾಡುವಾಗ ವಿಮಾನದ ನಂಬರ್ ಕೊಡಿ. ಆಗ ವಿಮಾನ ತಡವಾದರೂ ಅವರಿಗೆ ತಿಳಿಯುತ್ತದೆ. ಕಾಯುವ ಸಮಯ ಎಷ್ಟು ಉಚಿತ, ಮಕ್ಕಳ ಸೀಟು ಇದೆಯಾ, ಟೋಲ್ ಸೇರಿದೆಯಾ ಎಂದು ಬರಹದಲ್ಲೇ ಕೇಳಿ.

ಹೋಟೆಲ್ ಶಟಲ್ ಅಂದರೆ ಹೋಟೆಲ್‌ನವರೇ ಕಳಿಸುವ ವ್ಯಾನ್. ಏರ್‌ಪೋರ್ಟ್ ಹತ್ತಿರದ ಹೋಟೆಲ್‌ಗಳಲ್ಲೇ ಇದು ಜಾಸ್ತಿ. ಕೆಲವು ಹೋಟೆಲ್‌ಗಳದು ಫೋನ್ ಮಾಡಿದರೆ ಮಾತ್ರ ಬರುತ್ತದೆ.

5. ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕಿ

ಒಂದು ಹಾಳೆ ತೆಗೆದುಕೊಳ್ಳಿ. ಜಾಹೀರಾತು ಹೇಳುವ ನಿಮಿಷಗಳನ್ನು ಮರೆತು ಕಾಯುವುದು, ಓಟ, ಬದಲಾವಣೆ, ನಡಿಗೆ ಎಲ್ಲವನ್ನೂ ಕೂಡಿಸಿ. ಉದಾಹರಣೆಗೆ ಎಕ್ಸ್‌ಪ್ರೆಸ್ ರೈಲಿಗೆ ನಡೆದು ಹೋಗಿ ಕಾಯಲು 15 ನಿಮಿಷ, ಓಟ 25, ಮೆಟ್ರೋಗೆ ಬದಲಿಸಲು 10, ಮೆಟ್ರೋದಲ್ಲಿ 12, ನಡಿಗೆ 10. ಒಟ್ಟು 72 ನಿಮಿಷ. ಟ್ಯಾಕ್ಸಿ ಸಾಲಿನಲ್ಲಿ 15, ರಸ್ತೆಯಲ್ಲಿ 45, ಒಟ್ಟು 60. "25 ನಿಮಿಷದ ರೈಲು" ಇಲ್ಲಿ ಟ್ಯಾಕ್ಸಿಗಿಂತ ನಿಧಾನವಾಯಿತು. ಟ್ರಾಫಿಕ್ ಹೊತ್ತಿನಲ್ಲಿ ಟ್ಯಾಕ್ಸಿಯ 45 ನಿಮಿಷ 90 ಆಗಬಹುದು, ರೈಲಿನ ಲೆಕ್ಕ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಮಾರನೆಯ ಬೆಳಿಗ್ಗೆಯವರೆಗೆ ಕೆಲಸವಿಲ್ಲದವರು ಇದನ್ನು ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಮೀಟಿಂಗ್‌ಗೆ ಓಡುವವರು ಹಚ್ಚಿಕೊಳ್ಳಬೇಕು.

ದುಡ್ಡಿನ ಲೆಕ್ಕದಲ್ಲಿ ಒಂದು ಮಾತು: ರೈಲು, ಬಸ್ಸಿನ ದರ ತಲೆಗೆ ಇಷ್ಟು, ಟ್ಯಾಕ್ಸಿಯ ದರ ಗಾಡಿಗೆ ಇಷ್ಟು. ಎಕ್ಸ್‌ಪ್ರೆಸ್ ರೈಲಿನಲ್ಲಿ ನಾಲ್ಕು ಜನ ಹೋಗುವ ದುಡ್ಡಿಗೆ ಹತ್ತಿರದ ಏರ್‌ಪೋರ್ಟ್‌ಗಳಲ್ಲಿ ಟ್ಯಾಕ್ಸಿಯೇ ಸಿಗುವುದುಂಟು. ಆದರೆ ನಾಲ್ಕು ಜನ, ನಾಲ್ಕು ದೊಡ್ಡ ಪೆಟ್ಟಿಗೆ ಒಂದು ಸಾಧಾರಣ ಕಾರಿನಲ್ಲಿ ಹಿಡಿಸುವುದಿಲ್ಲ. ದೊಡ್ಡ ಗಾಡಿಯ ದರವನ್ನೇ ಹೋಲಿಸಿ.

ಜಪಾನ್‌ಗೆ ಹೋಗುವವರಿಗೆ ಇನ್ನೊಂದು ಅನುಕೂಲ ಇದೆ. ದೊಡ್ಡ ಏರ್‌ಪೋರ್ಟ್‌ಗಳ ಕೌಂಟರ್‌ನಲ್ಲಿ ಪೆಟ್ಟಿಗೆ ಕೊಟ್ಟರೆ ಹೋಟೆಲ್‌ಗೆ ತಲುಪಿಸುತ್ತಾರೆ, ಸಾಮಾನ್ಯವಾಗಿ ಮರುದಿನ. ಒಂದು ರಾತ್ರಿಯ ಬಟ್ಟೆ, ಔಷಧಿ ಕೈಚೀಲದಲ್ಲಿ ಇಟ್ಟುಕೊಂಡರೆ ಬರಿಗೈಯಲ್ಲಿ ರೈಲು ಹತ್ತಬಹುದು.

6. ಮನೆ ಬಿಡುವ ಮೊದಲು

ಬೇಕಾದ ಆ್ಯಪ್‌ಗಳನ್ನು ಮನೆಯಲ್ಲೇ ಹಾಕಿಕೊಂಡು, ನಿಮ್ಮ ಮಾಮೂಲಿ ನಂಬರಿಗೆ ಓಟಿಪಿ ತರಿಸಿ ನೋಂದಣಿ ಮುಗಿಸಿ. ಬೇರೆ ದೇಶದಲ್ಲಿ ಸಿಮ್ ಬದಲಿಸಿದ ಮೇಲೆ ಆ ಓಟಿಪಿ ಬರುವುದೇ ಇಲ್ಲ, ಆ್ಯಪ್ ತೆರೆಯುವುದೂ ಇಲ್ಲ. ನಗರದ ಮ್ಯಾಪನ್ನು ಇಂಟರ್ನೆಟ್ ಇಲ್ಲದೆ ನೋಡುವಂತೆ ಇಳಿಸಿಕೊಳ್ಳಿ. ಚೀನಾಕ್ಕೆ ಹೋಗುವವರು ಗೂಗಲ್ ಮ್ಯಾಪ್ ನಂಬಿ ಕೂರಬೇಡಿ, ಅಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಬ್ಯಾಂಕ್ ಕಾರ್ಡ್‌ನಲ್ಲಿ ವಿದೇಶಿ ಬಳಕೆ, ಕಾಂಟ್ಯಾಕ್ಟ್‌ಲೆಸ್ (ಯಂತ್ರಕ್ಕೆ ತಾಗಿಸಿ ಪಾವತಿಸುವುದು) ಎರಡೂ ಆನ್ ಇವೆಯಾ ನೋಡಿ. ಲಂಡನ್, ಸಿಂಗಾಪುರದ ಮೆಟ್ರೋಗಳಲ್ಲಿ ಟಿಕೆಟ್ ಬೇಡ, ಕಾರ್ಡನ್ನೇ ಗೇಟಿಗೆ ತಾಗಿಸಬಹುದು. ಒಬ್ಬರಿಗೆ ಒಂದು ಕಾರ್ಡ್. ಒಳಗೆ ಹೋಗುವಾಗ ತಾಗಿಸಿದ್ದನ್ನೇ ಹೊರಬರುವಾಗಲೂ ತಾಗಿಸಿ. ಒಳಗೆ ಕಾರ್ಡ್, ಹೊರಗೆ ಫೋನ್ ತಾಗಿಸಿದರೆ, ಎರಡರಲ್ಲೂ ಇರುವುದು ಒಂದೇ ಖಾತೆಯಾದರೂ, ಯಂತ್ರ ಎರಡು ಬೇರೆ ಪ್ರಯಾಣ ಎಂದುಕೊಂಡು ಜಾಸ್ತಿ ಕತ್ತರಿಸುತ್ತದೆ.

ಸ್ವಲ್ಪ ಸ್ಥಳೀಯ ನಗದು ಇರಲಿ, ಸಣ್ಣ ನೋಟುಗಳಲ್ಲಿ. ಕಾರ್ಡ್ ಯಂತ್ರ "ನಿಮ್ಮ ದೇಶದ ಕರೆನ್ಸಿಯಲ್ಲಿ ಪಾವತಿಸುತ್ತೀರಾ?" ಎಂದು ಕೇಳಿದರೆ ಬೇಡ ಅನ್ನಿ. ಆ ಯಂತ್ರದವರು ಹಾಕುವ ವಿನಿಮಯ ದರ ಸಾಮಾನ್ಯವಾಗಿ ಬ್ಯಾಂಕಿನದಕ್ಕಿಂತ ದುಬಾರಿ.

7. ಬಾಗಿಲು ದಾಟಿದ ಮೇಲೆ

"ಟ್ಯಾಕ್ಸಿ ಬೇಕಾ?" ಎಂದು ತಾನಾಗಿ ಬಂದು ಕೇಳುವವರ ಜೊತೆ ಹೋಗಬೇಡಿ. ಎಷ್ಟೇ ನಯವಾಗಿ ಮಾತಾಡಲಿ, ಕತ್ತಿಗೆ ಗುರುತಿನ ಚೀಟಿ ನೇತು ಹಾಕಿಕೊಂಡಿರಲಿ. ಪರವಾನಗಿ ಇರುವ ಟ್ಯಾಕ್ಸಿಯವರು ಸಾಲಿನಲ್ಲಿ ಕಾಯುತ್ತಾರೆ, ಒಳಗೆ ಬಂದು ಗಿರಾಕಿ ಹಿಡಿಯುವುದಿಲ್ಲ. "ರೈಲು ಇವತ್ತು ಇಲ್ಲ", "ನಿಮ್ಮ ಹೋಟೆಲ್ ಮುಚ್ಚಿದೆ", "ಸಾಲಿನಲ್ಲಿ ಎರಡು ಗಂಟೆ ಆಗುತ್ತೆ": ಇವು ಊರೂರಿನಲ್ಲೂ ಕೇಳುವ ಮಾತುಗಳು. ಪೆಟ್ಟಿಗೆಯನ್ನು ಅವರು ಕೈಗೆತ್ತಿಕೊಳ್ಳಲು ಬಿಡಬೇಡಿ. ಅನುಮಾನವಿದ್ದರೆ ಮಾಹಿತಿ ಕೌಂಟರ್‌ನಲ್ಲಿ ಕೇಳಿ.

ಟ್ಯಾಕ್ಸಿಗೆ ಕೂರುವ ಮೊದಲು ಮೀಟರ್ ಹಾಕುತ್ತೀರಾ ಎಂದು ಕೇಳಿ. "ಕೆಟ್ಟಿದೆ" ಅಂದರೆ ಹತ್ತದೆ ಮುಂದಿನದಕ್ಕೆ ಹೋಗಿ. ಗಾಡಿ ನಂಬರಿನ ಫೋಟೋ ತೆಗೆದುಕೊಳ್ಳಿ. ಆ್ಯಪ್ ಕ್ಯಾಬ್ ಆದರೆ ನಂಬರ್ ಹೊಂದುತ್ತದಾ ನೋಡಿ, "ಯಾರನ್ನು ಕರೆದುಕೊಂಡು ಹೋಗಲು ಬಂದಿದ್ದೀರಿ?" ಎಂದು ಅವರಿಂದಲೇ ನಿಮ್ಮ ಹೆಸರು ಹೇಳಿಸಿ. ರಾತ್ರಿ ಒಬ್ಬರೇ ಇದ್ದರೆ ಪ್ರಯಾಣದ ಲಿಂಕ್ ಮನೆಯವರಿಗೆ ಕಳಿಸಿ. ಸಣ್ಣ ಚೀಲವನ್ನು ಡಿಕ್ಕಿಯಲ್ಲಿ ಹಾಕದೆ ತೊಡೆ ಮೇಲೆ ಇಟ್ಟುಕೊಳ್ಳಿ.

ರೈಲಿನಲ್ಲಿ ಹೋಗುವವರು ಕಾಗದದ ಟಿಕೆಟ್ಟನ್ನು ಹೊರಬರುವವರೆಗೆ ಎಸೆಯಬೇಡಿ. ಪ್ಯಾರಿಸ್‌ನ ಆರ್‌ಇಆರ್ ರೈಲಿನಲ್ಲಿ ಇಳಿದ ಮೇಲೂ ಗೇಟಿನಲ್ಲಿ ಟಿಕೆಟ್ ಬೇಕು. ಇಟಲಿಯಲ್ಲಿ ಸ್ಥಳೀಯ ರೈಲಿನ ಕಾಗದದ ಟಿಕೆಟ್‌ಗೆ ಹತ್ತುವ ಮೊದಲು ಪ್ಲ್ಯಾಟ್‌ಫಾರ್ಮ್‌ನ ಸಣ್ಣ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ದುಡ್ಡು ಕೊಟ್ಟು ಕೊಂಡ ಟಿಕೆಟ್ ಕೈಯಲ್ಲಿದ್ದರೂ ಮುದ್ರೆ ಇಲ್ಲದಿದ್ದರೆ ದಂಡ ಹಾಕುತ್ತಾರೆ.

8. ಎರಡನೇ ದಾರಿಯೂ ಕೈಯಲ್ಲಿರಲಿ

ವಿಮಾನ ಮೂರು ಗಂಟೆ ತಡವಾದರೆ ಕೊನೆಯ ರೈಲು ಹೋಗಿರುತ್ತದೆ. ಆಗ ಏನು ಮಾಡುವುದು ಎಂದು ಮೊದಲೇ ಒಂದು ಸಾಲು ಬರೆದಿಟ್ಟುಕೊಳ್ಳಿ: ರಾತ್ರಿ ಬಸ್ಸಿನ ನಂಬರ್, ಅಧಿಕೃತ ಟ್ಯಾಕ್ಸಿ ಸಾಲು ಯಾವ ಮಹಡಿಯಲ್ಲಿದೆ, ಸುಮಾರು ಎಷ್ಟು ದರ. ಸ್ವಲ್ಪ ದೂರ ರೈಲು, ಉಳಿದದ್ದು ಟ್ಯಾಕ್ಸಿ ಎಂಬ ದಾರಿಯನ್ನೂ ಯೋಚಿಸಿ. ದೂರದ ಏರ್‌ಪೋರ್ಟ್‌ನಿಂದ ನಗರದ ದೊಡ್ಡ ನಿಲ್ದಾಣದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಹೋಟೆಲ್‌ಗೆ ಎರಡು ಮೂರು ಕಿಲೋಮೀಟರ್ ಟ್ಯಾಕ್ಸಿ ಹಿಡಿದರೆ ದುಡ್ಡೂ ಉಳಿಯುತ್ತದೆ, ಬೆನ್ನೂ ಉಳಿಯುತ್ತದೆ.

ತಡವಾಗುವುದು ಖಚಿತವಾದ ಕೂಡಲೇ ಹೋಟೆಲ್‌ಗೆ ಒಂದು ಫೋನ್ ಮಾಡಿ, ಇಲ್ಲವೇ ಬುಕಿಂಗ್ ಆ್ಯಪ್‌ನಲ್ಲಿ ಸಂದೇಶ ಹಾಕಿ. ಹೇಳದೆ ತಡ ಮಾಡಿದರೆ ಕೋಣೆಯನ್ನು ಬೇರೆಯವರಿಗೆ ಕೊಟ್ಟುಬಿಡುವ ಹೋಟೆಲ್‌ಗಳಿವೆ. ಸಣ್ಣ ಹೋಟೆಲ್‌ಗಳಲ್ಲಿ ರಾತ್ರಿ ರಿಸೆಪ್ಷನ್‌ನಲ್ಲಿ ಯಾರೂ ಇರುವುದಿಲ್ಲ. ಬಾಗಿಲಿನ ಕೋಡ್ ನಂಬರ್ ಏನು, ಕೀ ಎಲ್ಲಿಟ್ಟಿರುತ್ತಾರೆ ಎಂದು ಅದೇ ಫೋನಿನಲ್ಲಿ ಕೇಳಿಕೊಳ್ಳಿ.